ಕಿಲ್ಲೇದಾರರ ಮನೆಗೆ ಹಸು ನುಗ್ಗಿಸಿದ್ದು

ಓದು ಬಲ್ಲವನಿಗೆ ಇರುವ ದೊಡ್ಡ ತೊಂದರೆ ಎಂದರೆ, ಬರೆದದ್ದು ಏನೇ ಕಣ್ಣಿಗೆ ಬಿದ್ದರೂ ಅದು ತನ್ನ ಒಳ್ಳೆಯದಕ್ಕೇ ಬರೆದದ್ದು ಎಂದು ನಂಬಿಬಿಡುವುದು. ಓದು ಬಾರದವನು ಹಾಗಲ್ಲ. ಅವನಿಗೆ ಕಾಗದ ಕಂಡರೆ ಅನುಮಾನ, ಬೋರ್ಡು ಕಂಡರೆ ಭಯ. ನಮ್ಮ ವಂಶದವರೆಲ್ಲ ಈ ಅನುಮಾನ, ಈ ಭಯ ಎರಡನ್ನೂ ಇಟ್ಟುಕೊಂಡೇ ಭತ್ತ ಬೆಳೆದು, ಮಕ್ಕಳ ಮದುವೆ ಮಾಡಿ, ನೆಮ್ಮದಿಯಾಗಿ ತೀರಿಕೊಂಡರು. ನಾನು ಮೊದಲನೆಯವನಾಗಿ ಬಿ.ಎ. ಪಾಸು ಮಾಡಿದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ, ಜಂಬಕ್ಕೇ ಹೇಳುತ್ತಿದ್ದೇನೆ. ಕೊಪ್ಪದ ಹತ್ತಿರದ ನಮ್ಮ ಹಳ್ಳಿಯಿಂದ ಹೋಗಿ, ಮೈಸೂರಿನ ಹಾಸ್ಟೆಲಿನಲ್ಲಿ ಎರಡು ಅಂಗಿಗಳಲ್ಲಿ ನಾಲ್ಕು ವರ್ಷ ಕಳೆದು, ಇಂಗ್ಲಿಷಿನಲ್ಲಿ ಒಂದು ಸಲ ನಪಾಸಾಗಿ, ಮತ್ತೆ ಕಟ್ಟಿ ಗೆದ್ದ ಡಿಗ್ರಿ ಅದು. ಅಪ್ಪನಿಂದ ಬಂದ ಆಸ್ತಿಯಾಗಿದ್ದರೆ ಸುಮ್ಮನಿರುತ್ತಿದ್ದೆ. ನಾನೇ ಸಂಪಾದಿಸಿದ್ದರಿಂದ ಎಲ್ಲರಿಗೂ ಹೇಳುತ್ತೇನೆ.

ಡಿಗ್ರಿ ಬಂದ ಮೇಲೆ ಮಳವಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಮದುವೆಯೂ ಆಯಿತು. ಬಾಡಿಗೆಗೆ ಹಿಡಿದಿದ್ದ ಕೋಣೆಯ ಪಕ್ಕದಲ್ಲೇ ಗಾಣ. ಎತ್ತು ಸುತ್ತುವ ಸದ್ದಿಗೆ ನನ್ನ ಪಾಠದ ತಯಾರಿಯೂ ಸುತ್ತಿದಲ್ಲೇ ಸುತ್ತುತ್ತಿತ್ತು. ನನ್ನ ಹೆಂಡತಿ ಚಿಕ್ಕತಾಯಮ್ಮ ಕಿರುಗಾವಲಿನವಳು, ದೊಡ್ಡ ಒಕ್ಕಲು ಮನೆಯಲ್ಲಿ ಬೆಳೆದವಳು. ಅವಳು ಆ ಕೋಣೆಗೆ ಬಂದ ದಿನ ಒಂದು ಸಲ ಸುತ್ತ ನೋಡಿ, ಇದು ಹಜಾರ ಸರಿ, ಮನೆ ಎಲ್ಲಿ ಎಂದು ಕೇಳಿದಳು. ಹೊಸ ಹೆಂಡತಿಯ ಮುಂದೆ ಇದೇ ಪೂರ್ತಿ ಮನೆ ಎಂದು ಹೇಳುವುದಕ್ಕೆ ಎಷ್ಟು ಕಷ್ಟವಾಯಿತೆಂದು ಹೇಳಿದವನಿಗೇ ಗೊತ್ತು. ಅವತ್ತೇ ಸ್ವಂತ ಮನೆ ಮಾಡಬೇಕೆಂದು ನಿರ್ಧರಿಸಿದೆ.

ಆಗ ಮಾರಾಟಕ್ಕಿದ್ದದ್ದು ಕಿಲ್ಲೇದಾರರ ಮನೆ. ಯಾವ ಕಾಲದ ಯಾವ ಕೋಟೆ ಕಾಯ್ದ ಕಿಲ್ಲೇದಾರ ಎಂದು ಯಾರಿಗೂ ಗೊತ್ತಿರಲಿಲ್ಲ. ಮೊಳಕ್ಕೆ ಮೀರಿದ ದಪ್ಪದ ಗೋಡೆ, ಒಳಗೆ ತೊಟ್ಟಿ, ಹಲಸಿನ ಕಂಬಗಳ ಮೇಲೆ ಬಳ್ಳಿಯ ಕೆತ್ತನೆ, ಮುಂಬಾಗಿಲಿನ ಕಲ್ಲು ಚೌಕಟ್ಟಿನ ಎರಡೂ ಕಡೆ ಗಿಳಿಗಳ ಸಾಲು. ಅದರ ಯಜಮಾನರು ಮೈಸೂರು ಸೇರಿ ಬಹಳ ಕಾಲವಾಗಿತ್ತು. ಬೆಲೆ ನನ್ನಂಥ ಮೇಷ್ಟರ ಕೈಗೂ ಎಟುಕುವಷ್ಟು ಇಳಿದಿತ್ತು. ಅಷ್ಟು ಒಳ್ಳೆಯ ಮನೆ ಅಷ್ಟು ವರ್ಷ ಯಾರೂ ಕೊಳ್ಳದೆ ಏಕೆ ಬಿದ್ದಿದೆ ಎಂದು ಯೋಚಿಸಬೇಕಾಗಿತ್ತು. ಯೋಚಿಸಿದೆ ಕೂಡ. ಊರಿನಲ್ಲಿ ವಿದ್ಯಾವಂತರು ಕಡಿಮೆ, ಹಳೆಯದರ ಬೆಲೆ ತಿಳಿದವರಿಲ್ಲ ಎಂಬ ಉತ್ತರ ಹೊಳೆಯಿತು. ಉತ್ತರ ನನಗೆ ಹಿತವಾಗಿದ್ದರಿಂದ ಮುಂದೆ ಯೋಚಿಸಲಿಲ್ಲ.

ಜಗಲಿಯ ಗೋಡೆಗೆ ಒಂದು ತಗಡಿನ ಬೋರ್ಡು ಹೊಡೆದಿತ್ತು. ಮೇಲೆ ಇಂಗ್ಲಿಷು, ಕೆಳಗೆ ಕನ್ನಡ. ಈ ಕಟ್ಟಡವು ಸರ್ಕಾರದ ರಕ್ಷಣೆಯಲ್ಲಿರುತ್ತದೆ; ಇದನ್ನು ಯಾರೇ ಆಗಲಿ ಕೆಡಿಸಿದಲ್ಲಿ, ಬದಲಾಯಿಸಿದಲ್ಲಿ ಶಿಕ್ಷೆಗೆ ಗುರಿಯಾಗತಕ್ಕದ್ದು ಎಂದು ಬರೆದಿತ್ತು. ಎರಡು ಭಾಷೆಯಲ್ಲೂ ಓದಿದೆ. ಇಂಗ್ಲಿಷಿನಲ್ಲಿ ಇನ್ನೂ ಗಂಭೀರವಾಗಿತ್ತು. ಇಡೀ ಮಳವಳ್ಳಿಯಲ್ಲಿ ಸರ್ಕಾರವೇ ನಿಂತು ಕಾಯುವ ಮನೆ ಇನ್ನು ಯಾರದ್ದಿದೆ ಎಂದು ಎದೆ ಉಬ್ಬಿತು. ರಕ್ಷಣೆ ಎಂದ ಮೇಲೆ ಹೆಂಚು ಒಡೆದರೆ ಅವರೇ ಹಾಕಿಸುತ್ತಾರೆ, ಗಾರೆ ಉದುರಿದರೆ ಅವರೇ ಮೆತ್ತಿಸುತ್ತಾರೆ ಎಂದು ಬೋರ್ಡಿನಲ್ಲಿ ಇಲ್ಲದ್ದನ್ನೂ ಓದಿಕೊಂಡೆ.

ಮನೆ ತೋರಿಸಲು ಅಪ್ಪನನ್ನು ಕರೆಸಿದೆ. ಯುದ್ಧದ ಕಾಲ, ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದಾಗಲೆಲ್ಲ ಇಳಿದು ತಳ್ಳಿ, ದುಡ್ಡು ಕೊಟ್ಟು ದುಡಿದು ಬಂದೆ ಎನ್ನುತ್ತ ಅಪ್ಪ ಬಂದ. ಮನೆಯನ್ನು ಎರಡು ಸುತ್ತು ಸುತ್ತಿದ. ಗೋಡೆ ತಟ್ಟಿದ, ಕಂಬ ತಟ್ಟಿದ, ಕೊನೆಗೆ ಬೋರ್ಡಿನ ಮುಂದೆ ನಿಂತು ಓದು ಎಂದ. ನಾನು ತರಗತಿಯಲ್ಲಿ ಓದುವ ಧ್ವನಿಯಲ್ಲಿ ಓದಿದೆ.

"ಮುಟ್ಟಿದ್ರೆ ಸಿಕ್ಸೆ ಅಂತ ಬರ್ದೈತಾ?"

"ಅದು ಬೇರೆಯವರು ಕೆಡಿಸಿದರೆ, ಅಪ್ಪ."

"ಬ್ಯಾರೇವ್ರು ಅಂತ ಬರ್ದೈತಾ?"

"ಯಾರೇ ಆಗಲಿ ಅಂತ ಇದೆ."

"ಯಾರೇ ಆಗ್ಲಿ ಅಂದ್ರೆ ಅದ್ರೊಳೀಕೆ ನೀನಿಲ್ವೇನ್ಲಾ?"

ನನಗೆ ನಗು ಬಂತು. ಕಾನೂನಿನ ಭಾಷೆ ಹಾಗಿರುತ್ತದೆ, ಅದರ ಆಶಯ ಬೇರೆ ಎಂದು ಅಪ್ಪನಿಗೆ ಸಮಾಧಾನವಾಗಿ ವಿವರಿಸಿದೆ. ಅಪ್ಪ ಕೇಳಿಸಿಕೊಂಡು, ನೀನು ಓದಿದೋನು, ನಿಂಗೆ ಗೊತ್ತಿರ್ತದೆ ಬುಡು ಎಂದ. ಈ ಮಾತನ್ನು ಅಪ್ಪ ನನಗೆ ಅನೇಕ ಸಲ ಹೇಳಿದ್ದಾನೆ. ಪ್ರತಿ ಸಲವೂ ಅದಾದ ಸ್ವಲ್ಪ ದಿನಕ್ಕೆ ನನಗೇನಾದರೂ ಆಗಿದೆ.

ಮನೆ ಕೊಂಡೆ. ಪತ್ರ ರಿಜಿಸ್ಟರಾದ ಮೇಲೆ ಮೊದಲ ಕೆಲಸವಾಗಿ, ಬಾಗಿಲ ಪಕ್ಕ ನನ್ನ ಹೆಸರಿನ ಫಲಕ ತೂಗುಹಾಕಲು ಒಂದು ಮೊಳೆ ಹೊಡೆಯಹೊರಟೆ. ಸುತ್ತಿಗೆ ಎತ್ತಿದ ಮೇಲೆ ಬೋರ್ಡು ಕಣ್ಣಿಗೆ ಬಿತ್ತು. ಯಾರೇ ಆಗಲಿ ಎಂಬ ಪದವನ್ನು ಇನ್ನೊಮ್ಮೆ ಓದಿದೆ. ಸುತ್ತಿಗೆ ಇಳಿಸಿದೆ. ಬಿ.ಎ. ಎಂಬ ಅಕ್ಷರಗಳಿದ್ದ ಆ ಫಲಕ ಬಹಳ ಕಾಲ ಅಕ್ಕಿಯ ಮಡಕೆಗೆ ಮುಚ್ಚಳವಾಗಿತ್ತು.

ಮುಂಬಾಗಿಲಿನ ವಿಷಯ ಇನ್ನೂ ಹೇಳಿಲ್ಲ. ಎತ್ತರ ನಾಲ್ಕಡಿ. ಅಗಲ ಎರಡಡಿಗೆ ಸ್ವಲ್ಪ ಹೆಚ್ಚು. ಹೊಸ್ತಿಲು ಮೊಣಕಾಲು ಮಟ್ಟ. ಶತ್ರು ನುಗ್ಗಿದರೆ ತಲೆ ಬಗ್ಗಿಸಿ ನುಗ್ಗಲಿ, ಬಗ್ಗಿದ ತಲೆ ಕತ್ತರಿಸಲು ಸುಲಭ ಎಂದು ಕಿಲ್ಲೇದಾರ ಹಾಗೆ ಕಟ್ಟಿಸಿದ್ದನಂತೆ. ಶತ್ರುಗಳು ಎಷ್ಟು ಜನ ಬಂದಿದ್ದರೋ ತಿಳಿಯದು. ಮುಂದೆ ವಾಸಕ್ಕೆ ಬಂದ ಮೇಲೆ ನಾನು ದಿನಕ್ಕೆ ನಾಲ್ಕು ಸಲ ಅದರಲ್ಲಿ ನುಗ್ಗಿ ಸ್ಕೂಲಿಗೆ ಹೋಗಿ ಬಂದು ಮಾಡುತ್ತಿದ್ದೆ. ಹಣೆಯ ಬಲಭಾಗದಲ್ಲಿ ಒಂದು ಬುಗುಟು ಕಾಯಂ ಆಯಿತು. ನಮ್ಮ ಹೆಡ್ ಮಾಸ್ಟರು ಮನೆ ನೋಡಲು ಬಂದವರು ತಾವು ಒಳಗೆ ಬಂದರು, ಪೇಟ ಹೊರಗೆ ಬಿತ್ತು. ಹಿತ್ತಿಲ ಬಾಗಿಲು ಇನ್ನೂ ಚಿಕ್ಕದು, ಮುಂಬಾಗಿಲಿನ ತಮ್ಮನ ಹಾಗೆ.

ಗೃಹಪ್ರವೇಶಕ್ಕೆ ದಿನ ಗೊತ್ತು ಮಾಡಿದೆವು. ನಮ್ಮ ಕಡೆ ಹೊಸ ಮನೆಯಾಗಲಿ, ಕೊಂಡ ಹಳೆಯ ಮನೆಯಾಗಲಿ, ಮೊದಲು ಹಸು ಒಳಗೆ ಕಾಲಿಡಬೇಕು. ಆಮೇಲೆ ಹಾಲುಕ್ಕಿಸಬೇಕು. ಆಮೇಲೆ ಮನುಷ್ಯರು. ಅಪ್ಪ ಊರಿನಿಂದ ನಮ್ಮ ಗೌರಿಯನ್ನೂ ಅದರ ಕರುವನ್ನೂ ನಡೆಸಿಕೊಂಡು, ಮದ್ದೂರಿನ ನೆಂಟರಲ್ಲಿ ಒಂದು ದಿನ ತಂಗಿ ಕರೆತಂದ. ಗೌರಿ ಹಳ್ಳಿಕಾರು ತಳಿ. ಈ ತಳಿಯ ಕೊಂಬುಗಳನ್ನು ನೋಡಿದವರಿಗೆ ನಾನು ವರ್ಣಿಸಬೇಕಾಗಿಲ್ಲ. ನೋಡದವರಿಗೆ ಇಷ್ಟು ಸಾಕು: ಅವು ಹಿಂದಕ್ಕೆ ಹೋಗಿ, ಮೇಲಕ್ಕೆ ಹೋಗಿ, ಇನ್ನೂ ಹೋಗುತ್ತವೆ.

ಹಸುವಿಗೆ ಅರಿಶಿನ ಕುಂಕುಮ ಹಚ್ಚಿ ಬಾಗಿಲ ಮುಂದೆ ನಿಲ್ಲಿಸಿದಾಗಲೇ ನಮಗೆಲ್ಲ ಬಾಗಿಲಿನ ಅಳತೆ ನೆನಪಾದದ್ದು. ನಾನು ಆ ಬಾಗಿಲಿನ ಕೆತ್ತನೆಯ ಮೇಲೆ ಎರಡು ಪುಟದ ಟಿಪ್ಪಣಿ ಬರೆದಿದ್ದೆ; ಅದರಲ್ಲಿ ಗಿಳಿಗಳ ಸಂಖ್ಯೆ ಇತ್ತು, ಹಸುವಿನ ವಿಷಯ ಇರಲಿಲ್ಲ. ಕರು ಹೊಸ್ತಿಲು ಹಾರಿ ಒಳಗೆ ಹೋಯಿತು. ಹೋದದ್ದು ತೊಟ್ಟಿಯಲ್ಲಿ ನಿಂತು ತಾಯನ್ನು ಕೂಗಿತು. ಗೌರಿ ಬಾಗಿಲನ್ನು ಒಂದು ಗಳಿಗೆ ನೋಡಿ, ಕತ್ತು ಚಾಚಿ ತಲೆ ತೂರಿಸಿತು. ಮುಖ ಒಳಗೆ ಹೋಯಿತು, ಕೊಂಬು ಗಿಳಿಗಳಿಗೆ ಸಿಕ್ಕಿಕೊಂಡಿತು. ಹಿಂದಕ್ಕೆ ಎಳೆದರೂ ಬರಲಿಲ್ಲ. ಒಳಗೆ ಕರು ಕೂಗುತ್ತದೆ, ನಡುವೆ ಹಸು ಕೂಗುತ್ತದೆ, ಹೊರಗೆ ಐನೋರು ಮುಹೂರ್ತ ಮೀರಿತು ಎಂದು ಕೂಗುತ್ತಾರೆ. ಅಪ್ಪ ಹಸುವಿನ ಮೂತಿ ಹಿಡಿದು, ಕಿವಿಯಲ್ಲಿ ಏನೋ ಹೇಳುತ್ತ, ತಲೆಯನ್ನು ಓರೆ ಮಾಡಿ ಮೆಲ್ಲಗೆ ಬಿಡಿಸಿದ. ಒಂದಿಷ್ಟು ಕಲ್ಲಿನ ಪುಡಿ ಉದುರಿತು. ನಾನು ಓಡಿಹೋಗಿ ಗಿಳಿಯ ಕೊಕ್ಕು ಸವರಿ ನೋಡಿದೆ.

"ಕಲ್ಲು ಮುಟ್ಟಿ ನೋಡ್ತೀಯಲ್ಲೋ," ಎಂದ ಅಪ್ಪ. "ಅಸೀನ ಕೊಂಬು ನೋಡು ಮೊದ್ಲು."

ಚಿಕ್ಕತಾಯಮ್ಮ ಹಾಲಿನ ಪಾತ್ರೆ ಹಿಡಿದುಕೊಂಡು ಜಗಲಿಯ ಮೇಲೆ ನಿಂತಿದ್ದಳು. ಪಾತ್ರೆಯನ್ನು ನನ್ನ ಕೈಗೆ ಕೊಟ್ಟು ಹೇಳಿದಳು: "ಅಸ ಕಾಲಿಕ್ಕದ ಮನೇಲಿ ನಾನು ಒಲೆ ಅಚ್ಚಾಕಿಲ್ಲ. ನಿಮ್ ಬಾಗ್ಲು ದೊಡ್ಡದಾದ್ ಮ್ಯಾಲೆ ಯೋಳಿಕಳ್ಸಿ. ಬತ್ತೀನಿ." ಮಧ್ಯಾಹ್ನದ ಬಸ್ಸಿಗೆ ಕಿರುಗಾವಲಿಗೆ ಅಣ್ಣನ ಮನೆಗೆ ಹೊರಟುಹೋದಳು. ಗೌರಿಯೂ ಕರುವೂ ಅಪ್ಪನೂ ಊರಿಗೆ ಹೋದರು. ಸರ್ಕಾರದ ರಕ್ಷಣೆಯಲ್ಲಿ ನಾನೊಬ್ಬನೇ ಉಳಿದೆ.

ಬಾಗಿಲು ದೊಡ್ಡದು ಮಾಡಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಅರ್ಜಿ ಬರೆಯುವುದು ನನಗೆ ಕಷ್ಟವೇ? ಇಂಗ್ಲಿಷಿನಲ್ಲಿ ಬರೆದೆ. ಸಂಸಾರದ ವಿಷಯ ನೇರವಾಗಿ ಬರೆಯಲು ಸಂಕೋಚವಾಗಿ, ಕೆಲವು ಗೃಹಕೃತ್ಯದ ಅನಿವಾರ್ಯಗಳಿಂದಾಗಿ ಬಾಗಿಲ ಚೌಕಟ್ಟನ್ನು ತಾತ್ಕಾಲಿಕವಾಗಿ ತೆಗೆಯಲು ಅಪ್ಪಣೆಯಾಗಬೇಕು ಎಂದು ಬರೆದೆ. ನಿಮ್ಮ ಪತ್ರ ತಲುಪಿದೆ ಎಂದು ಉತ್ತರ ಬಂತು. ಇನ್ನೊಂದು ತಿಂಗಳಿಗೆ, ಅನಿವಾರ್ಯಗಳು ಯಾವುವು ಎಂದು ಕೇಳಿ ಕಾಗದ ಬಂತು. ಹಸು ಎಂದು ಬರೆದೆ. ಕಟ್ಟಡದೊಳಗೆ ದನ ಕಟ್ಟುವುದನ್ನು ಇಲಾಖೆ ಪ್ರೋತ್ಸಾಹಿಸುವುದಿಲ್ಲ ಎಂದು ಬಂತು. ಕಟ್ಟುವುದಲ್ಲ, ಒಂದು ಸಲ ಒಳಗೆ ಬಂದು ಹೊರಗೆ ಹೋಗುವುದು ಎಂದು ವಿವರಿಸಿ ಬರೆದೆ. ಅದಕ್ಕೆ ಬಂದ ಉತ್ತರದಲ್ಲಿ ಹಳೆಯ ಕಟ್ಟಡಗಳ ಬಗ್ಗೆ ನನಗಿರುವ ಆಸಕ್ತಿಯನ್ನು ಮೆಚ್ಚಿಕೊಂಡಿದ್ದರು. ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ಹೆಂಡತಿ ಇನ್ನೂ ಕಿರುಗಾವಲಿನಲ್ಲೇ ಇದ್ದಾಳೆ ಎಂಬುದು ಆಮೇಲೆ ನೆನಪಾಯಿತು.

ಅಷ್ಟರಲ್ಲಿ ನನ್ನ ಅಡಿಗೆ ನಾನೇ ಮಾಡಿಕೊಳ್ಳುತ್ತಿದ್ದೆ. ಒಳಗೆ ಒಲೆ ಹಚ್ಚಿದರೆ ಅವಳ ಮಾತು ಮೀರಿದಂತೆ ಎಂದು ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಬೇಯಿಸುತ್ತಿದ್ದೆ. ನಾನು ತಿರುವಿದ ಮುದ್ದೆಯಲ್ಲಿ ಗಂಟುಗಳೇ ಹೆಚ್ಚು, ಮುದ್ದೆ ಕಡಿಮೆ. ಭಾನುವಾರ ಕಿರುಗಾವಲಿಗೆ ಹೋಗುತ್ತಿದ್ದೆ. ಭಾವ ಬಹಳ ಮರ್ಯಾದೆಯಿಂದ ಮಣೆ ಹಾಕಿ ಬಡಿಸುತ್ತಿದ್ದರು. ಆ ಮರ್ಯಾದೆ ವಾರದಿಂದ ವಾರಕ್ಕೆ ಹೆಚ್ಚಾಗುತ್ತ ಹೋದದ್ದೇ ನನಗೆ ಭಯ ಹುಟ್ಟಿಸಿತು. ಚಿಕ್ಕತಾಯಮ್ಮ ಹೆಚ್ಚು ಮಾತಾಡುತ್ತಿರಲಿಲ್ಲ. ಅಸ ಒಳೀಕೆ ಬಂತಾ ಎಂದು ಕೇಳುವಳು. ಇಲ್ಲ ಎನ್ನುವೆ. ಇನ್ನೊಂದು ಮುದ್ದೆ ಇಡುವಳು. ಒಂದು ಸಲ ನಮ್ಮ ಬೀದಿಯವರೊಬ್ಬರು ಕೊಟ್ಟ ಸಲಹೆಯನ್ನು ಅವಳ ಮುಂದಿಟ್ಟೆ: ಹಸು ಆಗದಿದ್ದರೆ ಬಂಡೂರು ಕುರಿ ಆಗಬಹುದಲ್ಲ, ಗಿಡ್ಡ ಕಾಲು, ಕೊಂಬಿಲ್ಲ, ಬಾಗಿಲಿಗೆ ಅಳತೆ ತೆಗೆದು ಮಾಡಿಸಿದಂತೆ ಇದೆ ಎಂದೆ. ಅವಳು ನನ್ನ ಮುಖ ನೋಡಿದಳು. ಆವತ್ತು ನಾನು ಸಂಜೆಯ ಬಸ್ಸಿಗೆ ಕಾಯದೆ ಮಧ್ಯಾಹ್ನದ ಬಸ್ಸಿಗೇ ಹೊರಟೆ.

ಕೊನೆಗೆ ಇಲಾಖೆಯಿಂದ ಒಬ್ಬ ಅಧಿಕಾರಿ ಬರುತ್ತಾರೆಂದು ಕಾಗದ ಬಂತು. ಈ ಸಲ ಹೇಗಿದ್ದರೂ ಆಗುತ್ತದೆ ಎಂದು ಅಪ್ಪನಿಗೆ ಹೇಳಿಕಳಿಸಿದೆ. ಅಪ್ಪ ಗೌರಿಯನ್ನು ಹೊಡೆದುಕೊಂಡೇ ಬಂದ. ಬಂದ ಅಧಿಕಾರಿ ಕನ್ನಡಕದ, ತೆಳ್ಳನೆಯ ಮನುಷ್ಯ, ಬಲು ಸಭ್ಯರು, ಕೈಯಲ್ಲಿ ಅಳತೆಯ ಟೇಪು. ನನ್ನ ಕಾಗದಗಳ ಇಂಗ್ಲಿಷನ್ನು ಹೊಗಳಿದರು. ನಾನು ಗಿಳಿಗಳ ಮೇಲಿನ ನನ್ನ ಟಿಪ್ಪಣಿ ತೋರಿಸಿದೆ. ನಾವಿಬ್ಬರೂ ಬಾಗಿಲ ಮುಂದೆ ನಿಂತು ಒಂದು ಗಂಟೆಯ ಕಾಲ ಇಂಗ್ಲಿಷಿನಲ್ಲಿ ಅದರ ಅಂದವನ್ನು ಮಾತಾಡಿದೆವು. ಇಂಥ ಚೌಕಟ್ಟು ಈ ಸೀಮೆಯಲ್ಲಿ ಇನ್ನೊಂದಿಲ್ಲ ಎಂದರು ಅವರು. ನಾನೂ ಹೌದೆಂದೆ. ಇದರ ಒಂದು ಚೂರು ಅಲುಗಿದರೂ ಅನ್ಯಾಯ ಎಂದರು. ಮಾತಿನ ಭರದಲ್ಲಿ ಅದಕ್ಕೂ ಹೌದೆಂದೆ. ಹಾಗಾದರೆ ನಿಮ್ಮ ಅರ್ಜಿಯನ್ನು ನೀವೇ ವಾಪಸು ತೆಗೆದುಕೊಂಡಂತಾಯಿತು ಎಂದು ಅವರು ಸಂತೋಷದಿಂದ ನನ್ನ ಕೈ ಕುಲುಕಿದರು.

ಅಪ್ಪ ಅಷ್ಟು ಹೊತ್ತೂ ಜಗಲಿಯ ಕೆಳಗೆ ಹಸುವಿನ ಹಗ್ಗ ಹಿಡಿದು ಕೂತಿದ್ದ. ನಾವು ಆಡಿದ್ದು ಅವನಿಗೆ ಒಂದಕ್ಷರ ತಿಳಿದಿರಲಿಲ್ಲ. ಕೈ ಕುಲುಕಿದ್ದು ನೋಡಿ ಕೆಲಸ ಕೆಟ್ಟಿತೆಂದು ತಿಳಿದುಕೊಂಡ. ಎದ್ದು ಬಂದು ಕೈ ಮುಗಿದ.

"ಬುದ್ದೀ, ಒಂದ್ ಮಾತು ಕೇಳ್ತೀನಿ, ತಪ್ಪು ತಿಳ್ಕಬ್ಯಾಡಿ. ಈ ಮನೆ ಕಟ್ಟುದ್ನಲ್ಲ ಕಿಲ್ಲೇದಾರ, ಅವ್ನು ಅಸೀನ ಎಲ್ಲಿಂದ ನುಗ್ಗುಸ್ದ?"

ಅಧಿಕಾರಿ, ಏನೆಂದಿರಿ ಎಂದರು.

"ಎಷ್ಟು ದೊಡ್ಡ ಕಿಲ್ಲೇದಾರ ಆದ್ರೂ ಅಸೀನ ನುಗ್ಗುಸ್ದೆ ತಾನು ನುಗ್ಗಿರಾಕಿಲ್ಲ. ಈ ಬಾಗ್ಲಾಗೆ ಅಸ ಓಗಾಕಿಲ್ಲ. ಅಂಗಾರೆ ಇನ್ನೆಲ್ಲೋ ಒಂದು ಬಾಗ್ಲು ಇರ್ಬೇಕಲ್ವಾ, ಬುದ್ದೀ?"

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು ಅಪ್ಪನನ್ನು ನೋಡಿದರು. ಆ ಬಾಗಿಲಿನ ಗಿಳಿಗಳನ್ನೂ ಅವರು ಹಾಗೆ ನೋಡಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಲೇ ಇಲ್ಲ. ಅಪ್ಪ ಮುಂದೆ, ಅವರು ಹಿಂದೆ, ಇಬ್ಬರೂ ಕೋಲು ಹಿಡಿದು ಗೋಡೆ ತಟ್ಟುತ್ತ ಹೊರಟರು. ದನ ಒಳಗೆ ಹೊಡೆಯುವವನು ಇಳಿಜಾರು ನೋಡುತ್ತಾನೆ ಎಂದು ಅಪ್ಪ, ಆ ಕಾಲದ ಕಟ್ಟಡಗಳಲ್ಲಿ ಉತ್ತರದ ಗೋಡೆ ನೋಡಬೇಕೆಂದು ಅವರು. ಎರಡೂ ಒಂದೇ ಗೋಡೆಯಾಯಿತು. ಅಡಿಗೆಮನೆಯ ಪಕ್ಕ ಒಂದು ಕಡೆ ಸದ್ದು ಬೇರೆ ಬಂತು. ಗಾರೆ ಕೆರೆದರೆ ಕಲ್ಲಿನ ಬದಲು ಮಣ್ಣಿನ ಇಟ್ಟಿಗೆ. ನಾನು ಒಂದು ಮೊಳೆ ಹೊಡೆಯಲಾರದ ಮನೆಯಲ್ಲಿ ವಾರದೊಳಗೆ ಇಲಾಖೆಯ ಆಳುಗಳು ಹಾರೆ ಹಿಡಿದು ನಿಂತರು. ಮುಚ್ಚಿದ್ದ ಬಾಗಿಲು ಬಿಚ್ಚಿಕೊಂಡಿತು: ಐದಡಿ ಅಗಲ, ಮೆಟ್ಟಿಲಿಲ್ಲ, ಹೊಸ್ತಿಲಿಲ್ಲ, ಒಳಗೋಡೆಯಲ್ಲಿ ದನ ಕಟ್ಟುವ ಕಲ್ಲಿನ ಬಳೆ. ಗೌರಿ ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಹೋಗಿ ತೊಟ್ಟಿಯಲ್ಲಿ ನಿಂತು ಸಗಣಿ ಹಾಕಿತು. ಹಾಲಿಗಿರಲಿ ಎಂದು ಅಪ್ಪ ಅದನ್ನು ನಮ್ಮಲ್ಲೇ ಬಿಟ್ಟ. ಮಾರನೆಯ ದಿನ ಚಿಕ್ಕತಾಯಮ್ಮ ಬಂದಳು, ಒಲೆ ಹಚ್ಚಿದಳು, ಹಾಲುಕ್ಕಿತು. ಅಂದು ನಾನು ತಿಂದ ಮುದ್ದೆಯಲ್ಲಿ ಒಂದು ಗಂಟೂ ಇರಲಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಅಷ್ಟು ದೊಡ್ಡ ಬಾಗಿಲಿಗೆ ಕದ ಬೇಡವೇ? ಅರ್ಜಿ ಬರೆದೆ. ಮೂಲದ ಕದ ಹೇಗಿತ್ತೆಂಬುದಕ್ಕೆ ಆಧಾರ ಸಿಗುವವರೆಗೆ ಹೊಸ ಕದ ಇಡತಕ್ಕದ್ದಲ್ಲ, ದ್ವಾರವನ್ನು ಸಿಕ್ಕಿದ ಸ್ಥಿತಿಯಲ್ಲೇ ಬಿಡತಕ್ಕದ್ದು ಎಂದು ಉತ್ತರ ಬಂತು. ನಾಲ್ಕು ಗೋಡೆ ಇದ್ದ ಮನೆಗೆ ಮೂರೂಕಾಲು ಗೋಡೆ ಉಳಿಯಿತು. ಬೀದಿಯ ದನಗಳಿಗೆಲ್ಲ ಸುದ್ದಿ ಮುಟ್ಟಿತು. ಸಂತೆಯ ದಿನ ಯಾರದೋ ಮೇಕೆಗಳು ಆ ಕಡೆಯಿಂದ ಬಂದು, ಹಿತ್ತಿಲ ಬಾಗಿಲಿನಿಂದ ಹೋಗುವುದು ಹತ್ತಿರದ ದಾರಿ ಎಂದು ಕಂಡುಕೊಂಡವು. ಒಂದು ಬೆಳಿಗ್ಗೆ ಚಿಕ್ಕತಾಯಮ್ಮ ಎದ್ದಾಗ ಒಲೆಯ ಮುಂದೆ ಒಬ್ಬ ದಾರಿಹೋಕ ಕೂತು ಚಳಿ ಕಾಯಿಸಿಕೊಳ್ಳುತ್ತಿದ್ದ. ಇದು ಛತ್ರವಲ್ಲವೇ ತಾಯಿ ಎಂದನಂತೆ. ಅವಳ ಮುಖ ನೋಡಿ ನನಗೆ ಕಿರುಗಾವಲಿನ ಬಸ್ಸಿನ ವೇಳೆ ನೆನಪಾಯಿತು. ಆಗಲೇ ಕಾಗದ ತೆಗೆದು, ಕಟುವಾಗಿಯೇ ಒಂದು ಅರ್ಜಿ ಬರೆಯಲು ಕೂತೆ. ನೀವು ಬರೀತಿರಿ ಎಂದು ಹೇಳಿ ಅವಳು ಹೊರಗೆ ಹೋದಳು. ಗೌರಿಯನ್ನು ಆ ಬಾಗಿಲಿಗೆ ಅಡ್ಡಲಾಗಿ ನಿಲ್ಲಿಸಿ, ಕಲ್ಲಿನ ಬಳೆಗೆ ಹಗ್ಗ ಬಿಗಿದು, ಮುಂದೆ ಒಂದು ಹೊರೆ ಹುಲ್ಲು ಹಾಕಿದಳು. ಈ ಕಡೆಯಿಂದ ಆ ಕಡೆಗೆ ಗೌರಿ ಅಳತೆಗೆ ಸರಿಯಾಗಿ ಕೂತಿತು. ಮೊಳೆ ಹೊಡೆದಿಲ್ಲ, ಗಾರೆ ಮೆತ್ತಿಲ್ಲ. ಹಸುವನ್ನು ನಿಲ್ಲಿಸಬಾರದೆಂದು ಯಾವ ಕಾಗದದಲ್ಲೂ ಇಲ್ಲ. ಎಲ್ಲ ಕಾಗದಗಳನ್ನೂ ತೆಗೆದು ನೋಡಿದೆ. ಅವಳು ಒಳಗೆ ಬಂದು, "ಇನ್ನೇನು, ಊಟಕ್ಕೇಳಿ" ಎಂದಳು. ಈಗ ಹಗಲು ಗೌರಿ ಮೇಯಲು ಹೋದಾಗ, ರಜೆಯಿದ್ದರೆ, ಆ ಜಾಗದಲ್ಲಿ ನಾನು ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಗೌರಿಯಷ್ಟು ಚೆನ್ನಾಗಿ ಆಗುವುದಿಲ್ಲ. ಎರಡು ಕಡೆಯೂ ಸಂದಿ ಉಳಿಯುತ್ತದೆ.

ಹೋದ ತಿಂಗಳು ಇಲಾಖೆಯಿಂದ ಒಂದು ಅಚ್ಚಾದ ವರದಿ ಬಂತು. ಅಪ್ಪ ಬಂದಿದ್ದ. ಅಪ್ಪನಿಗೂ ಚಿಕ್ಕತಾಯಮ್ಮನಿಗೂ ಓದಿ ಹೇಳಲು ಕೂತೆ. ಅಪ್ಪ ಪಕ್ಕದಲ್ಲಿ ಕೂತು ನನ್ನ ಬೆರಳು ಹೋದ ಕಡೆಯೆಲ್ಲ ಕಣ್ಣು ಓಡಿಸುತ್ತಿದ್ದ. ಬಾಗಿಲು ಸಿಕ್ಕಿದ ಬಗೆಯನ್ನು ಒಂದು ಪುಟ ಬರೆದಿದ್ದರು. ಒಬ್ಬ ಬುದ್ಧಿವಂತ ವೃದ್ಧ ರೈತನ ಮಾತಿನಿಂದ ಈ ಶೋಧ ಸಾಧ್ಯವಾಯಿತು ಎಂದಿತ್ತು. ಹಳ್ಳಿಕಾರು ತಳಿಯ ಹಸುವೊಂದು ಈಗಲೂ ಆ ದ್ವಾರವನ್ನು ಬಳಸುತ್ತದೆ ಎಂದಿತ್ತು. ಅಪ್ಪ ಎರಡನ್ನೂ ಇನ್ನೊಂದು ಸಲ ಓದಿಸಿದ.

"ನಿನ್ ವಿಸ್ಯ ಎಲ್ಲೈತ್ಲಾ?"

ಕೊನೆಯಲ್ಲಿತ್ತು. ಮನೆಯಲ್ಲಿ ಜನವಾಸವಿದೆ ಎಂದು ಬರೆದಿದ್ದರು. ಇಂಗ್ಲಿಷಿನಲ್ಲಿ ನಾಲ್ಕು ಪದ. ಚಿಕ್ಕತಾಯಮ್ಮ ಸೊಪ್ಪು ಸೋಸುವುದು ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದಳು. ನಾನು ಆ ನಾಲ್ಕು ಪದಗಳ ಮೇಲೆ ಬೆರಳಿಟ್ಟು, ಈ ಮನೆಯ ಯಜಮಾನರು ಬಿ.ಎ. ಪದವೀಧರರು, ಅವರ ವಿದ್ವತ್ತಿನಿಂದಲೂ ಬಿಡದೆ ನಡೆಸಿದ ಪತ್ರವ್ಯವಹಾರದಿಂದಲೂ ಇಲಾಖೆಗೆ ಬಹಳ ಉಪಕಾರವಾಗಿದೆ ಎಂದು ಓದಿದೆ.

ಅಪ್ಪ ನನ್ನ ಬೆರಳನ್ನು ಮೆಲ್ಲಗೆ ಎತ್ತಿ, ಅದರ ಕೆಳಗಿದ್ದದ್ದನ್ನು ನೋಡಿದ.

"ಇಷ್ಟುದ್ದ ಗೆರೇಲಿ ಅಷ್ಟೂ ಐತಾ?"

"ಇಂಗ್ಲಿಷು ಹಾಗೇ, ಅಪ್ಪ" ಎಂದೆ.

ಅಪ್ಪ ತಲೆದೂಗಿದ. "ಅಂಗಾರೆ ಸರಿ ಬುಡು," ಎಂದ ಚಿಕ್ಕತಾಯಮ್ಮನ ಕಡೆ ತಿರುಗಿ. "ಅದ್ಕೇ ಕಣವ್ವ ಇವ್ನು ಅಷ್ಟೊರ್ಸ ಓದ್ಬೇಕಾಯ್ತು."